ಸಂಪಾದಕರ ಉತ್ತರ: ಸೋತು ಹೊರಗೆ ಹೋಗುವುದು ಬೇರೆ, ಒಳಗೇ ಬಿಡದಿರುವುದು ಬೇರೆ

ಮಾಲೂರು ತಾಲ್ಲೂಕಿನಿಂದ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ನಡೆಸುವ ನಾಕೌಟ್ ಟೂರ್ನಿಯಾದ ಮಹಿಳಾ ಎಫ್‌ಎ ಕಪ್‌ನ 2020–21ನೇ ಸಾಲಿನ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನ ಅವರಿಗೆ ಹಿಡಿಸಿಲ್ಲ. ಪತ್ರದ ತಿರುಳು ಇಷ್ಟು: "ನಾಕೌಟ್ ಎನ್ನುವುದು ಹೆಣ್ಣುಮಕ್ಕಳಿಗೆ ಹೇಳಿ ಮಾಡಿಸಿದ್ದಲ್ಲ, ಅದೊಂದು ಜೂಜು. ಶ್ರೀನಿವಾಸಪುರದ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬಂದ ತಂಡ ಒಂದೇ ಒಂದು ಪಂದ್ಯ ಸೋತು ಮಧ್ಯಾಹ್ನದ ಬಸ್ಸಿಗೆ ವಾಪಸ್ಸು ಹೋಗುತ್ತದೆ. ಲೀಗ್ ಇಟ್ಟರೆ ಹತ್ತು ಪಂದ್ಯ ಆಡಿ ಕಲಿತಾರೆ. ಲಂಡನ್ನಿನ ಕಪ್ ಕಟ್ಟಿಕೊಂಡು ಕೋಲಾರಕ್ಕೆ ಆಗಬೇಕಾದ್ದೇನು?"

ಮೇಷ್ಟ್ರೇ, ಬಿಸಿಲಲ್ಲಿ ಸೀಟಿ ಊದಿ ಸವೆದವರು ಮಾತ್ರ ಬರೆಯಬಲ್ಲ ಪತ್ರ ಇದು. ಆ ಮಧ್ಯಾಹ್ನದ ಬಸ್ಸಿನ ಮಾತು ಸುಳ್ಳಲ್ಲ. ಪಂದ್ಯ ಹೆಚ್ಚಿದಷ್ಟೂ ಕಾಲು ಪಳಗುತ್ತದೆ, ಆ ಮಟ್ಟಿಗೆ ಲೀಗೇ ಮೇಲು. ಇಷ್ಟನ್ನು ಒಪ್ಪಿಕೊಂಡು, ಉಳಿದ ಎಲ್ಲದಕ್ಕೂ ನಿಮ್ಮ ಮೇಲೆ ತಕರಾರು ಹೂಡುತ್ತಿದ್ದೇನೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಮಾತನ್ನು ನಿಮ್ಮಂಥ ಅನುಭವಿಗಳು ಆಡಬಾರದು.

ಮೊದಲು ಲೆಕ್ಕ ನೋಡೋಣ. ಜಿಲ್ಲೆಯಲ್ಲಿ ಹೇಗೋ 11 ಹೆಣ್ಣುಮಕ್ಕಳ ತಂಡ ಕೂಡಿಸಿದಿರಿ ಎಂದುಕೊಳ್ಳಿ. ಎಲ್ಲರೂ ಎಲ್ಲರೊಂದಿಗೆ ಒಂದೊಂದು ಸಲ ಆಡಿದರೆ 55 ಪಂದ್ಯ. ಇರುವುದು ಒಂದು ಮೈದಾನ, ಭಾನುವಾರಕ್ಕೆ ಎರಡು ಪಂದ್ಯ ಎಂದರೆ 28 ಭಾನುವಾರ ಬೇಕು. ನಡುವೆ ಪರೀಕ್ಷೆ, ಊರಹಬ್ಬ, ಟೊಮೆಟೊ ಕೊಯ್ಲು, ಮಳೆ ಬರುತ್ತವೆ. ಎಂಟನೇ ವಾರಕ್ಕೆ ನಾಲ್ಕು ತಂಡ ಬರುವುದು ನಿಲ್ಲಿಸುತ್ತವೆ, ಅಲ್ಲಿಗೆ ಅಂಕಪಟ್ಟಿಗೆ ಅರ್ಥವೇ ಉಳಿಯುವುದಿಲ್ಲ. ನಾಕೌಟ್‌ನಲ್ಲಾದರೆ ಪ್ರತಿ ಪಂದ್ಯಕ್ಕೂ ಒಂದು ತಂಡ ಹೊರಗೆ ಹೋಗುವುದರಿಂದ 11 ತಂಡಕ್ಕೆ 10 ಪಂದ್ಯ ಸಾಕು, ಸೆಮಿಫೈನಲ್‌ಗೂ ಫೈನಲ್‌ಗೂ ಬೇರೆ ಬೇರೆ ದಿನ ಇಟ್ಟರೂ ಆರು ಭಾನುವಾರ.

ನೀವು ಜೂಜು ಎಂದಿರಲ್ಲ, ಅದು ನಾಕೌಟ್‌ನ ಗುಣವಲ್ಲ, ಫಿಕ್ಸ್ಚರ್ (ಯಾರ ಎದುರು ಯಾರು ಎಂಬ ಪಟ್ಟಿ) ಬರೆಯುವವರ ತಪ್ಪು. 11 ತಂಡವನ್ನು ಜೋಡಿ ಮಾಡಿ ಉಳಿದ ಒಂದಕ್ಕೆ ಬೈ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ ದಾರಿ, ಕೊಡುತ್ತಾರೆ. 6 ತಂಡ ಆದಾಗ ಮೂರು ಪಂದ್ಯ. ಗೆದ್ದ ಮೂರರಲ್ಲಿ ಮತ್ತೆ ಒಂದಕ್ಕೆ ಬೈ. ಚೀಟಿಯಲ್ಲಿ ಎರಡು ಸಲವೂ ಅದೇ ತಂಡ ಬಂದರೆ ಅದು ಒಂದೇ ಪಂದ್ಯ ಗೆದ್ದು ಫೈನಲ್‌ನಲ್ಲಿ ನಿಲ್ಲುತ್ತದೆ, ಎದುರಿನದು ಮೂರು ಗೆದ್ದು ಸುಸ್ತಾಗಿ ಬಂದಿರುತ್ತದೆ. ಸರಿಯಾದ ಕ್ರಮ ನಿಮಗೆ ಗೊತ್ತೇ ಇದೆ, ಹೊಸದಾಗಿ ಟೂರ್ನಿ ನಡೆಸುವ ಹುಡುಗರಿಗಾಗಿ ಬರೆಯುತ್ತೇನೆ. 11ರ ಮೇಲಿನ ಎರಡರ ಘಾತ 16, ವ್ಯತ್ಯಾಸ 5. ಆ ಐದೂ ಬೈ ಮೊದಲ ಸುತ್ತಿನಲ್ಲೇ ಮುಗಿಯಬೇಕು. ಮೇಲಿನ ಅರ್ಧಕ್ಕೆ 6 ತಂಡ, ಅದರಲ್ಲಿ 2 ಬೈ. ಕೆಳಗಿನ ಅರ್ಧಕ್ಕೆ 5 ತಂಡ, 3 ಬೈ. ಮೊದಲ ಸುತ್ತಿನಲ್ಲಿ ಮೂರೇ ಪಂದ್ಯ, ಆಮೇಲೆ ಸರಿಯಾಗಿ 8 ತಂಡ. ಅಲ್ಲಿಂದ ಮುಂದೆ ಯಾರಿಗೂ ಬಿಟ್ಟಿ ದಾರಿ ಇಲ್ಲ.

ಇನ್ನು ಮಧ್ಯಾಹ್ನದ ಬಸ್ಸು. ಇದಕ್ಕೂ ಮದ್ದು ಇದೆ, ಪ್ಲೇಟ್ ಪಂದ್ಯಾವಳಿ. ತಮ್ಮ ಮೊದಲ ಪಂದ್ಯದಲ್ಲೇ ಸೋತ ತಂಡಗಳನ್ನೆಲ್ಲ ಸೇರಿಸಿ ಇನ್ನೊಂದು ಸಣ್ಣ ನಾಕೌಟ್ ನಡೆಸುವುದು. 11 ತಂಡದ ಕಪ್‌ನಲ್ಲಿ ಹೀಗೆ ಸೋತವರು ಕಡಿಮೆ ಎಂದರೆ 4, ಹೆಚ್ಚೆಂದರೆ 7. ಏಳು ಇದ್ದರೂ ಆರೇ ಪಂದ್ಯ. ಎಲ್ಲ ಸೇರಿ ಎಂಟು ಭಾನುವಾರದಲ್ಲಿ ಮುಗಿಯುತ್ತದೆ, ಎರಡು ಪಂದ್ಯ ಆಡದೆ ಯಾವ ತಂಡವೂ ಮನೆಗೆ ಹೋಗುವುದಿಲ್ಲ.

ನಿಜವಾಗಿ ಜೂಜು ಆಗುವುದು ಯಾವಾಗ ಗೊತ್ತೇ? ಒಂದೇ ದಿನದಲ್ಲಿ ಇಡೀ ಟೂರ್ನಿ ಮುಗಿಸಲು ಅರ್ಧಕ್ಕೆ 10 ನಿಮಿಷ, 15 ನಿಮಿಷ ಎಂದು ಆಟ ಕತ್ತರಿಸಿದಾಗ. ಅಷ್ಟರಲ್ಲಿ ಗೋಲು ಹುಟ್ಟುವುದಿಲ್ಲ, ಎಲ್ಲವೂ ಪೆನಾಲ್ಟಿಗೆ ಹೋಗುತ್ತದೆ. ಗೆದ್ದ ಹುಡುಗಿಯರು ಸಂಜೆಯೊಳಗೆ ನಾಲ್ಕನೇ ಪಂದ್ಯಕ್ಕೆ ಇಳಿಯುತ್ತಾರೆ, ದಣಿದ ಕಾಲು ತಿರುಗುವಾಗ ಮೊಣಕಾಲು ಒಳಕ್ಕೆ ವಾಲುತ್ತದೆ. ಮೊಣಕಾಲಿನ ಒಳಗಿನ ಎಸಿಎಲ್ ಎಂಬ ಕಟ್ಟು ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಒಂದು ತಂಡಕ್ಕೆ ದಿನಕ್ಕೆ ಒಂದೇ ಪೂರ್ತಿ ಪಂದ್ಯ ಇಡಿ. ಅದಕ್ಕೆ ಮೊದಲು ಫಿಫಾದ '11+' ಎಂಬ ವಾರ್ಮಪ್ ಮಾಡಿಸಿ, 20 ನಿಮಿಷದ ಕೆಲಸ. ಎಂಟು ನಿಮಿಷ ನಿಧಾನದ ಓಟ, ಹತ್ತು ನಿಮಿಷ ಒಂಟಿಕಾಲಲ್ಲಿ ನಿಲ್ಲುವುದು, ಕುಕ್ಕರು ಕೂರುವುದು, ಹಾರುವುದು, ಕೊನೆಗೆ ಎರಡು ನಿಮಿಷ ಜೋರು ಓಟ. ಹಾರಿ ನೆಲಕ್ಕೆ ಬರುವಾಗ ಮೊಣಕಾಲು ಪಾದದ ನೇರಕ್ಕೇ ಇರಬೇಕು, ಒಂದಕ್ಕೊಂದು ತಾಗಬಾರದು. ಮೇಷ್ಟ್ರು ಎದುರಿಗೆ ನಿಂತು ನೋಡಬೇಕಾದ್ದು ಅದೊಂದೇ. ಗೆರೆ ಎಳೆಯುವುದಕ್ಕೆ ಸುಟ್ಟ ಸುಣ್ಣ ಮಾತ್ರ ಬೇಡ. ಬೆವರಿಗೆ ಸೇರಿದರೆ ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ರಂಗೋಲಿ ಪುಡಿ ಸಾಕು.

ಈಗ ಲಂಡನ್ನಿನ ಕಪ್‌ಗೆ ಬರೋಣ. ಆ ಕಪ್ ಕೋಲಾರಕ್ಕೆ ಯಾಕೆ ಎಂದರೆ, ಆ ಒಂದು ಸಾಲಿನಲ್ಲಿ ನಮ್ಮ ಕಥೆಯೂ ಇದೆ.

2020ರ ನವೆಂಬರಿನಲ್ಲಿ ಕೊರೊನಾ ನಿರ್ಬಂಧ ಬಂದಾಗ ಗಂಡಸರ ಎಫ್‌ಎ ಕಪ್‌ಗೆ 'ಉನ್ನತ ಮಟ್ಟದ ಕ್ರೀಡೆ' ಎಂಬ ಮುದ್ರೆ ಬಿತ್ತು, ಸಣ್ಣ ಸಣ್ಣ ಊರಿನ ಕ್ಲಬ್ಬುಗಳೂ ಆಡಿದವು. ಹೆಂಗಸರ ಕಪ್‌ಗೆ ಆ ಮುದ್ರೆ ಸಿಗಲಿಲ್ಲ, ಅದು ನಿಂತಿತು. ಗಂಡಸರ ಫೈನಲ್ 2021ರ ಮೇ 15ಕ್ಕೆ ಮುಗಿದೇ ಹೋಯಿತು. ಹೆಂಗಸರ ಕ್ವಾರ್ಟರ್ ಫೈನಲ್ ನಡೆದದ್ದು ಸೆಪ್ಟೆಂಬರ್ ಕೊನೆಗೆ, ಆ ಹೊತ್ತಿಗೆ ಮುಂದಿನ ಋತುವೇ ಶುರುವಾಗಿತ್ತು. ಅಕ್ಟೋಬರ್ 31ರ ಸೆಮಿಫೈನಲ್‌ಗಳಲ್ಲಿ ಚೆಲ್ಸಿ ಮ್ಯಾಂಚೆಸ್ಟರ್ ಸಿಟಿಯನ್ನೂ ಆರ್ಸೆನಲ್ ಬ್ರೈಟನ್ನನ್ನೂ 3–0ಯಿಂದಲೇ ಸೋಲಿಸಿದವು. ಫೈನಲ್ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ, ಡಿಸೆಂಬರ್ 5ಕ್ಕೆ.

ಆ ತಾರೀಖು ನೋಡಿ ಮೇಷ್ಟ್ರೇ. ಸರಿಯಾಗಿ ನೂರು ವರ್ಷದ ಹಿಂದೆ, 1921ರ ಡಿಸೆಂಬರ್ 5ರಂದು, ಅದೇ ಫುಟ್‌ಬಾಲ್ ಅಸೋಸಿಯೇಷನ್ ಈ ಆಟ ಹೆಂಗಸರಿಗೆ ಏನೇನೂ ತಕ್ಕದ್ದಲ್ಲ, ಪ್ರೋತ್ಸಾಹಿಸಬಾರದು ಎಂದು ಠರಾವು ಮಾಡಿತ್ತು. ಆಟವನ್ನೇ ನಿಷೇಧಿಸುವ ಅಧಿಕಾರ ಅವರಿಗಿರಲಿಲ್ಲ. ಅವರು ಮಾಡಿದ್ದು ಇಷ್ಟೇ: ತಮ್ಮ ಸದಸ್ಯ ಕ್ಲಬ್ಬುಗಳ ಮೈದಾನಗಳನ್ನು ಹೆಂಗಸರಿಗೆ ಕೊಡಕೂಡದು ಎಂದರು. ಬೀಗ ಹಾಕಿದರು, ಅಷ್ಟೆ. ಆ ಬೀಗವನ್ನು ಸುಮಾರು ಐವತ್ತು ವರ್ಷ ತೆಗೆಯಲಿಲ್ಲ.

ಜನ ನೋಡುತ್ತಿರಲಿಲ್ಲ ಎಂದುಕೊಂಡೀರಿ. ಪ್ರೆಸ್ಟನ್ ಊರಿನ ಡಿಕ್, ಕೆರ್ ಎಂಬ ಕಾರ್ಖಾನೆಯಲ್ಲಿ ಯುದ್ಧಕಾಲದಲ್ಲಿ ಮದ್ದುಗುಂಡು ತಯಾರಿಸುತ್ತಿದ್ದ ಹೆಣ್ಣುಮಕ್ಕಳು ತಂಡ ಕಟ್ಟಿ, 1917ರ ಕ್ರಿಸ್ಮಸ್ ದಿನ ಗಾಯಾಳು ಸೈನಿಕರ ಸಹಾಯಕ್ಕಾಗಿ ಆಡಿದಾಗ 10,000 ಜನ ಸೇರಿದ್ದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಅವರ ಆಟಕ್ಕೆ 53,000 ಜನ ಬಂದರು, ಸಾವಿರಾರು ಮಂದಿ ಜಾಗ ಸಿಗದೆ ಹೊರಗೇ ನಿಂತರು. ಒಂದು ವರ್ಷ ತುಂಬುವುದರೊಳಗೆ ಬೀಗ ಬಿತ್ತು.

ಬೀಗ ಸಡಿಲವಾದಾಗ ಇಂಗ್ಲೆಂಡಿನ ಹೆಂಗಸರು ದೇಶಮಟ್ಟದಲ್ಲಿ ಮೊದಲು ಇಟ್ಟದ್ದು ಏನನ್ನು? ಲೀಗ್ ಅಲ್ಲ, ದೇಶಕ್ಕೆಲ್ಲ ಒಂದು ನಾಕೌಟ್ ಕಪ್. 1970–71ರಲ್ಲಿ 71 ತಂಡಗಳು ಹೆಸರು ಕೊಟ್ಟವು. 1971ರ ಮೇ 9ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಸೌತಾಂಪ್ಟನ್ ತಂಡ ಸ್ಕಾಟ್ಲೆಂಡಿನ ಸ್ಟುವರ್ಟನ್ ಥಿಸಲ್ ತಂಡವನ್ನು 4–1ರಿಂದ ಗೆದ್ದಿತು. ದುಡ್ಡಿಲ್ಲದ, ಸ್ವಂತ ಮೈದಾನವಿಲ್ಲದ 71 ತಂಡಗಳನ್ನು ಒಂದು ದಾರಕ್ಕೆ ಪೋಣಿಸಲು ಬೇರೆ ಯಾವ ಪದ್ಧತಿಗೂ ಸಾಧ್ಯವಿರಲಿಲ್ಲ. ಹೆಸರು ಕೊಟ್ಟವರೆಲ್ಲರಿಗೂ ಅದೇ ಕಪ್, ಅದೇ ಬಾಗಿಲು. ನಾಕೌಟ್ ಮೇಲೆ ನನಗಿರುವ ಪ್ರೀತಿಯ ಕಾರಣವೂ ಇದೇ.

ಆ ಬೀಗದ ನೂರನೇ ವರ್ಷದ ದಿನ ವೆಂಬ್ಲಿಯಲ್ಲಿ 40,942 ಜನ ಕೂತಿದ್ದರು. ಮೂರನೇ ನಿಮಿಷಕ್ಕೆ ಫ್ರಾನ್ ಕರ್ಬಿ ಚೆಲ್ಸಿಗೆ ಮೊದಲ ಗೋಲು ಹೊಡೆದಳು, 57ಕ್ಕೆ ಸ್ಯಾಮ್ ಕೆರ್ ಎರಡನೆಯದು. 77ನೇ ನಿಮಿಷದ ಮೂರನೇ ಗೋಲನ್ನು ನಿಮ್ಮ ಮಕ್ಕಳಿಗೆ ಫೋನಿನಲ್ಲಿ ತೋರಿಸಿ. ಕೆರ್ ಚೆಂಡಿನ ಹಿಂದೆ ಓಡುತ್ತಾಳೆ, ಆರ್ಸೆನಲ್ ಗೋಲಿ, ಅಂದರೆ ಗೋಲ್‌ಕೀಪರ್, ಮುಂದಕ್ಕೆ ಬಂದಿದ್ದಾಳೆ. ಜೋರಾಗಿ ಬಾರಿಸಿದರೆ ಗೋಲಿಗೇ ತಾಗುತ್ತದೆ. ಕೆರ್ ಪಾದದ ತುದಿಯನ್ನು ಚೆಂಡಿನ ಅಡಿಗೆ ಹಾಕಿ ಮೊರದಲ್ಲಿ ಕಾಳು ಎತ್ತಿದ ಹಾಗೆ ಮೇಲಕ್ಕೆ ಎತ್ತುತ್ತಾಳೆ, ಅದು ಗೋಲಿಯ ತಲೆ ದಾಟಿ ಮೆಲ್ಲಗೆ ಬಲೆಯೊಳಗೆ ಇಳಿಯುತ್ತದೆ. ಇಂಥ ಹೊಡೆತದಲ್ಲಿ ಕಾಲು ಮುಂದಕ್ಕೆ ಬೀಸಿದರೆ ಚೆಂಡು ಬಲೆಯನ್ನೂ ದಾಟುತ್ತದೆ, ತಾಗಿದ ಕೂಡಲೇ ಕಾಲು ತಡೆಯಬೇಕು. ಗರಸು ನೆಲದಲ್ಲಿ ಕಾಲ್ಬೆರಳು ಮಣ್ಣಿಗೆ ಸಿಕ್ಕಿಕೊಳ್ಳುವುದರಿಂದ ನಮ್ಮ ಹುಡುಗಿಯರಿಗೆ ಇದು ಕಷ್ಟ, ಮೊದಮೊದಲು ಗಾಳಿ ಸ್ವಲ್ಪ ಕಡಿಮೆ ಮಾಡಿದ ಚೆಂಡಿನಲ್ಲಿ ಕಲಿಸಿ. ಅಂದ ಹಾಗೆ ಈ ಕೆರ್ ಆಸ್ಟ್ರೇಲಿಯಾದವಳಾದರೂ ಅವಳ ತಂದೆ ಹುಟ್ಟಿದ್ದು ಕೋಲ್ಕತ್ತಾದಲ್ಲಿ.

3–0ಯಿಂದ ಕಪ್ ಗೆದ್ದ ಚೆಲ್ಸಿಗೆ ಸಿಕ್ಕ ಬಹುಮಾನ 25,000 ಪೌಂಡ್. ಅದೇ ಸಾಲಿನ ಗಂಡಸರ ಕಪ್ ಗೆದ್ದವರಿಗೆ 18 ಲಕ್ಷ ಪೌಂಡ್, 72 ಪಟ್ಟು. ಗಲಾಟೆ ಎದ್ದ ಮೇಲೆ 2022–23ಕ್ಕೆ ಹೆಂಗಸರ ಕಪ್‌ನ ಒಟ್ಟು ಬಹುಮಾನ 30 ಲಕ್ಷಕ್ಕೆ ಏರಿತು, ಮರುವರ್ಷ 60 ಲಕ್ಷ. 2023ರ ಫೈನಲ್‌ಗೆ ಬಂದವರು 77,390 ಜನ. ಬಾಗಿಲು ತೆರೆದರೆ ಜನ ಬರುತ್ತಾರೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ನಮ್ಮ ದೇಶಕ್ಕೆ ಬನ್ನಿ. ಹಿರಿಯ ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಷಿಪ್ ಅನ್ನು, ಈಗಿನ ರಾಜಮಾತಾ ಜೀಜಾಬಾಯಿ ಟ್ರೋಫಿಯನ್ನು, ಮಣಿಪುರ ಒಂದೇ 20ಕ್ಕೂ ಹೆಚ್ಚು ಸಲ ಗೆದ್ದಿದೆ. ಅಲ್ಲಿನ ಕೇರಿಕೇರಿಗೂ ಒಂದು ಕ್ಲಬ್ಬು, ಆಡಲು ಒಂದು ಬಯಲು. ಪಕ್ಕದ ತಮಿಳುನಾಡು 2018ರಲ್ಲಿ ಮಣಿಪುರವನ್ನೇ ಸೋಲಿಸಿ ಗೆದ್ದಿತು, 2023ರಲ್ಲಿ ಹರಿಯಾಣವನ್ನು 2–1ರಿಂದ ಸೋಲಿಸಿ ಮತ್ತೆ ಗೆದ್ದಿತು. ಮುಳಬಾಗಿಲು ದಾಟಿದರೆ ಆಂಧ್ರ, ಮಾಲೂರು ದಾಟಿದರೆ ತಮಿಳುನಾಡು ಎನ್ನುವ ಜಿಲ್ಲೆ ನಮ್ಮದು. ಗಣಿಗಳ ಕಾಲದಿಂದಲೂ ಚೆಂಡು ಒದ್ದ ಊರು ಕೆಜಿಎಫ್. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅಲ್ಲಿನ ಸಂಜೆಗಳಲ್ಲಿ ಚೆಂಡು ಉರುಳುತ್ತಿದೆ. ಆ ಊರಿನ ಹೆಣ್ಣುಮಗುವಿಗೆ ಸಿಗುವುದು ಮಾತ್ರ ಥ್ರೋಬಾಲು, ಇಲ್ಲವೇ ಖೋ ಖೋ. ಅವೂ ಒಳ್ಳೆಯ ಆಟಗಳೇ, ಆದರೆ ಆರಿಸಿಕೊಳ್ಳುವುದು ಅವಳಾಗಿರಬೇಕು.

ಇಲ್ಲಿ ಯಾರೂ ಠರಾವು ಮಾಡಿಲ್ಲ ಮೇಷ್ಟ್ರೇ, ಮಾಡುವ ಅಗತ್ಯವೇ ಬಿದ್ದಿಲ್ಲ. ನಮ್ಮ ಜಿಲ್ಲೆಯಲ್ಲಿ ಮೈದಾನ ಯಾವುದಕ್ಕೆಲ್ಲ ಸಿಗುತ್ತದೆ ನೋಡಿ: ಪಟಾಕಿ ಅಂಗಡಿಗೆ, ವಸ್ತುಪ್ರದರ್ಶನಕ್ಕೆ, ರಾಜಕೀಯ ಸಭೆಗೆ, ಮದುವೆಗೆ ಬಂದವರ ಕಾರು ನಿಲ್ಲಿಸುವುದಕ್ಕೆ. ಪೆಂಡಾಲಿನ ಗೂಟ ಕಿತ್ತ ಗುಂಡಿಗಳನ್ನು ಯಾರೂ ಮುಚ್ಚುವುದಿಲ್ಲ, ಮುಂದಿನ ವಾರ ಅದೇ ಗುಂಡಿಯಲ್ಲಿ ಒಂದು ಮಗುವಿನ ಪಾದ ಉಳುಕುತ್ತದೆ. ಉಳಿದ ಸಂಜೆಗಳಲ್ಲಿ ಹುಡುಗರ ಕ್ರಿಕೆಟ್ಟು ಇಡೀ ಬಯಲನ್ನು ಹಿಡಿದಿರುತ್ತದೆ. ಹುಡುಗಿಯರು ಬಟ್ಟೆ ಬದಲಾಯಿಸಲು ಬಾಗಿಲಿರುವ ಒಂದು ಕೋಣೆ, ನೀರಿರುವ ಒಂದು ಶೌಚಾಲಯ ಇರುವುದಿಲ್ಲ. ತಿಂಗಳಿನ ಆ ನಾಲ್ಕು ದಿನ ಅವರು ಅಭ್ಯಾಸಕ್ಕೆ ಬಾರದಿರುವುದಕ್ಕೆ ಕಾರಣ ಸೋಮಾರಿತನ ಎಂದು ಹಾಜರಿ ಪುಸ್ತಕ ಹೇಳುತ್ತದೆ. ಪತ್ರಿಕೆಗಳ ಪಾಲೂ ಇದರಲ್ಲಿದೆ. ಗೆದ್ದ ಹುಡುಗರ ಹೆಸರು, ಗೋಲು, ನಿಮಿಷ ಎಲ್ಲ ಅಚ್ಚಾಗುತ್ತದೆ, ಹುಡುಗಿಯರದಾದರೆ 'ಬಾಲಕಿಯರ ವಿಭಾಗದಲ್ಲಿ' ಎಂದು ಒಂದು ಸಾಲು.

ನಿಮ್ಮ ಶ್ರೀನಿವಾಸಪುರದ ತಂಡಕ್ಕೆ ಕೊನೇಪಕ್ಷ ಸೋಲುವುದಕ್ಕೆ ಒಂದು ಪಂದ್ಯ ಸಿಕ್ಕಿತು. ಬಸ್ಸನ್ನೇ ಹತ್ತದ ನೂರಾರು ಹುಡುಗಿಯರನ್ನು ಹೊರಗಿಟ್ಟದ್ದು ಯಾವ ನಾಕೌಟೂ ಅಲ್ಲ.

ಲೀಗ್ ಬೇಕೆಂದಿರಿ, ಆಗಲಿ, ಮೊದಲು 11 ತಂಡ ಹುಟ್ಟಲಿ. ನಾಲ್ಕೇ ತಂಡ ಸಿಕ್ಕರೂ ಮೂರು ಪಂದ್ಯದ ಕಪ್ ಆಗುತ್ತದೆ, ಸೋತ ಎರಡಕ್ಕೆ ಮೂರನೇ ಸ್ಥಾನದ ಪಂದ್ಯ ಸೇರಿಸಿ. ನೀವೇ ಫಿಕ್ಸ್ಚರ್ ಬರೆದುಕೊಡಿ, ಆಡಿದ ಅಷ್ಟೂ ಹುಡುಗಿಯರ ಹೆಸರಿನ ಜೊತೆ ಅಚ್ಚು ಹಾಕುವ ಹೊಣೆ ಈ ಪತ್ರಿಕೆಯದು. ಮುಂದಿನ ಪತ್ರದಲ್ಲಿ ಇನ್ನೂ ಒಂದು ವಿಷಯ ಬರೆಯಿರಿ: ನಿಮ್ಮೂರಿನ ಶಾಲೆಯ ಮೈದಾನದ ಬೀಗದ ಕೈ ಭಾನುವಾರ ಯಾರ ಹತ್ತಿರ ಇರುತ್ತದೆ?