ಎಚ್-4ನಲ್ಲಿರೋ ಮಗಳಿಗೆ ಡಾಕಾ ಸಿಗುತ್ತಾ ಅಂತ ಕೇಳಿದ್ರಲ್ಲ

ಮೇಡಂ, ಮಗಳು 2011ರಲ್ಲಿ ಐದು ವರ್ಷದವಳಿದ್ದಾಗ ಎಚ್-4, ಅಂದ್ರೆ ಅಪ್ಪ-ಅಮ್ಮನ ಕೆಲಸದ ವೀಸಾ ಮೇಲೆ ಮಕ್ಳಿಗೆ ಸಿಗೋ ವೀಸಾದಲ್ಲಿ ಅಮೆರಿಕಕ್ಕೆ ಬಂದ್ಳು, ಇನ್ನೇನು 21 ಆಗಿ ಆ ವೀಸಾ ಮುಗಿಯುತ್ತೆ, ಗ್ರೀನ್ ಕಾರ್ಡ್ ಕ್ಯೂ ಜರುಗ್ತಾನೇ ಇಲ್ಲ, ಡಾಕಾ (DACA, ಚಿಕ್ಕವರಿದ್ದಾಗ ಬಂದು ಪೇಪರ್ ಇಲ್ದೆ ಅಲ್ಲೇ ಬೆಳೆದವ್ರನ್ನ ಗಡೀಪಾರು ಮಾಡ್ದೆ ಕೆಲಸಕ್ಕೆ ಬಿಡೋ ಸ್ಕೀಮ್) ಹಾಕಬಹುದಾ ಅಂದ್ರಿ. ಇಲ್ಲ, ಆಗಲ್ಲ. ಅದಕ್ಕೆ 2007ರ ಜೂನ್ 15ರಿಂದ ಅಮೆರಿಕದಲ್ಲೇ ಇದ್ದಿರ್ಬೇಕು, ಜೊತೆಗೆ 2012ರ ಜೂನ್ 15ಕ್ಕೆ ಯಾವ ಲೀಗಲ್ ಸ್ಟೇಟಸ್ಸೂ ಇದ್ದಿರಬಾರ್ದು. ಅಂದ್ರೆ ನೀವು ನಿಯತ್ತಾಗಿ ವೀಸಾ ರಿನ್ಯೂ ಮಾಡಿಸ್ಕೊಂಡು ಬಂದಿದ್ದೇ ಇಲ್ಲಿ ಅಡ್ಡ, ನಗ್ಬೇಕೋ ಅಳ್ಬೇಕೋ ಗೊತ್ತಾಗಲ್ಲ.

ಆದ್ರೆ "ಆ ಹುಡುಗ್ರು ಗಲಾಟೆ ಮಾಡಿ ಗಿಟ್ಟಿಸ್ಕೊಂಡ್ರು" ಅಂತ ಡಾಕಾ ಸಿಕ್ಕವ್ರ ಬಗ್ಗೆ ಬರ್ದಿದೀರಲ್ಲ, ಅದು ಸರಿ ಅನ್ನಿಸ್ಲಿಲ್ಲ. 2010ರಲ್ಲಿ ನಾಲ್ಕು ಜನ ಸ್ಟೂಡೆಂಟ್ಸ್ ಮಯಾಮಿಯಿಂದ ವಾಷಿಂಗ್ಟನ್‌ವರೆಗೂ ನಡ್ಕೊಂಡೇ ಹೋದ್ರು, ಎಷ್ಟೋ ಮಕ್ಳು ಹಿಡ್ಕೊಂಡು ಹೋಗ್ತಾರೆ ಅಂತ ಗೊತ್ತಿದ್ರೂ ನಮ್ಮತ್ರ ಪೇಪರ್ ಇಲ್ಲ ಅಂತ ಬೀದೀಲಿ ನಿಂತು ಹೇಳಿದ್ರು, ಆದ್ರೂ ಆ ಡಿಸೆಂಬರ್‌ನಲ್ಲಿ ಸೆನೆಟ್‌ನಲ್ಲಿ 60 ವೋಟ್ ಬೇಕಿದ್ದ ಕಡೆ 55 ಬಿದ್ದು ಅಂಥವ್ರಿಗೆ ಗ್ರೀನ್ ಕಾರ್ಡ್ ದಾರಿ ಮಾಡ್ಕೊಡ್ಬೇಕಿದ್ದ ಡ್ರೀಮ್ ಆಕ್ಟ್ ಮಸೂದೆ ಬಿದ್ದೋಯ್ತು. ಕೊನೆಗೆ ಡಾಕಾದಲ್ಲಿ ಸಿಕ್ಕಿದ್ದು ಎರಡೆರಡು ವರ್ಷದ ವರ್ಕ್ ಪರ್ಮಿಟ್ ಅಷ್ಟೇ, ಗ್ರೀನ್ ಕಾರ್ಡ್ ಅಲ್ಲ, ಅದೂ ಕೋರ್ಟಲ್ಲಿ ಒದ್ದಾಡ್ತಿದೆ.

ನಿಮ್ ಮಗಳ ಥರದವ್ರು ಡಾಕ್ಯುಮೆಂಟೆಡ್ ಡ್ರೀಮರ್ಸ್ (ಪೇಪರ್ ಇದ್ದೂ ಗ್ರೀನ್ ಕಾರ್ಡ್ ಸಿಗದ ಮಕ್ಳು) ಅಂತ ಹೇಳ್ಕೊಂಡು ಅವ್ರದ್ದೇ ಹೋರಾಟ ನಡೆಸ್ತಿದಾರೆ, ಇಂಪ್ರೂವ್ ದ ಡ್ರೀಮ್ ಅಂತ ಒಂದು ಗುಂಪಿದೆ, ಮಗಳಿಗೆ ತೋರ್ಸಿ. ಸದ್ಯಕ್ಕೆ 21 ತುಂಬೋಕ್ ಮುಂಚೆ ಎಫ್-1 ಸ್ಟೂಡೆಂಟ್ ವೀಸಾಗೆ ಹಾಕ್ಬಿಡಿ, ನಿಮ್ಮ ಐ-140 (ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕೋ ಅರ್ಜಿ) ಪೆಂಡಿಂಗ್ ಇದ್ದ ದಿನಗಳನ್ನ ಮಗಳ ವಯಸ್ಸಿಂದ ಕಳೆಯೋ ರೂಲ್ ಇದೆ, ಅದು ನಿಮ್ಗೆ ವರ್ಕ್ ಆಗುತ್ತಾ ಅಂತ ಲಾಯರ್ ಹತ್ರ ಲೆಕ್ಕ ಹಾಕ್ಸಿ, ಕಂಪನಿ ಲಾಯರ್ ಅಲ್ಲ, ನಿಮ್ದೇ ಒಬ್ರು.