ಪ್ರತಿಕ್ರಿಯೆ: ರಿಸ್ಯೂಮ್ ವೇಳೆ ಬಫರ್ ಸಿಗದಿರುವುದು

ಬದಿಯಡ್ಕದ ಅಡಿಕೆ ತೋಟದಲ್ಲಿಟ್ಟ ನಿಮ್ಮ ಲಿನಕ್ಸ್ ಬೋರ್ಡು ಸಸ್ಪೆಂಡ್‌ನಿಂದ (ನಿದ್ರಾಸ್ಥಿತಿಯಿಂದ) ಎದ್ದಾಗ ಸೆನ್ಸರ್ ಡ್ರೈವರ್ ಒಮ್ಮೊಮ್ಮೆ ಮಾತ್ರ ಸೋಲುವುದಕ್ಕೆ ಬಹುಮಟ್ಟಿಗೆ ಕಾರಣ, ನೀವು ರಿಸ್ಯೂಮ್ ಫಂಕ್ಷನ್ನಿನೊಳಗೆ (ಏಳುವಾಗ ಓಡುವ ಡ್ರೈವರ್ ಭಾಗ) ಕೆಮಾಲಕ್‌ನಿಂದ, ಅಂದರೆ ತಾಗಿಕೊಂಡ ಮೆಮೊರಿ ಕೊಡುವ ಕರ್ನೆಲ್ ಫಂಕ್ಷನ್ನಿನಿಂದ, 256 ಕಿಲೋಬೈಟ್ ಬಫರ್ ಕೇಳುತ್ತಿರುವುದು. ಆ ಹೊತ್ತಿಗೆ ಡಿಸ್ಕ್ ಇನ್ನೂ ಎದ್ದಿರದೆ ಇರಬಹುದಾದ್ದರಿಂದ, ನೀವು ಜಿಎಫ್‌ಪಿ_ಕರ್ನೆಲ್ (ಮೆಮೊರಿಗಾಗಿ ಕಾಯಬಹುದು ಎನ್ನುವ ಸಾಮಾನ್ಯ ಸೂಚನೆ) ಎಂದೇ ಬರೆದಿದ್ದರೂ ಕರ್ನೆಲ್ ಅದರಿಂದ ಐಒ (ಡಿಸ್ಕ್ ಓದು-ಬರಹ) ಮತ್ತು ಎಫ್‌ಎಸ್ (ಕಡತ ವ್ಯವಸ್ಥೆ) ಅನುಮತಿಗಳನ್ನು ತೆಗೆದಿರುತ್ತದೆ. ಸ್ವಾಪ್‌ಗೆ (ಡಿಸ್ಕಿನಲ್ಲಿ ಮೆಮೊರಿಗೆಂದು ಇಟ್ಟ ಜಾಗಕ್ಕೆ) ಪುಟಗಳನ್ನು, ಅಂದರೆ ಮೆಮೊರಿಯ ತುಣುಕುಗಳನ್ನು, ಬರೆದು ಜಾಗ ಮಾಡಿಕೊಳ್ಳುವ ದಾರಿ ಮುಚ್ಚಿರುತ್ತದೆ. 4 ಕಿಲೋಬೈಟ್ ಪುಟಗಳ ಲೆಕ್ಕದಲ್ಲಿ ನಿಮಗೆ ಒಂದಕ್ಕೊಂದು ತಾಗಿದ 64 ಪುಟಗಳು ಬೇಕು, ಮತ್ತು ಬಹಳ ದಿನ ಓಡಿದ ಬೋರ್ಡಿನಲ್ಲಿ ಅಷ್ಟು ಉದ್ದದ ತುಂಡು ಸಿಗುವುದು ಕಷ್ಟ.

ಮೊದಲು ಆ ಹಂಚಿಕೆಯನ್ನು ಪ್ರೋಬ್‌ಗೆ (ಡ್ರೈವರ್ ಸಾಧನಕ್ಕೆ ಜೋಡಿಯಾಗುವಾಗ ಓಡುವ ಫಂಕ್ಷನ್) ಸಾಗಿಸಿ, ಡ್ರೈವರ್ ಇರುವಷ್ಟು ಕಾಲ ಬಫರನ್ನು ಬಿಡದೆ ಇಟ್ಟುಕೊಳ್ಳಿ. ನಾನು ಇದನ್ನೇ ಆರಿಸುತ್ತೇನೆ. ಅಷ್ಟು ಮೆಮೊರಿ ಸದಾ ಹಿಡಿದಿಡಲಾಗದಿದ್ದರೆ ಪಿಎಂ ನೋಟಿಫೈಯರ್ (ಮಲಗುವ, ಏಳುವ ಹಂತಗಳನ್ನು ಡ್ರೈವರ್‌ಗೆ ತಿಳಿಸುವ ವ್ಯವಸ್ಥೆ) ನೋಂದಾಯಿಸಿ, ಪಿಎಂ_ಸಸ್ಪೆಂಡ್_ಪ್ರಿಪೇರ್‌ನಲ್ಲಿ ಪಡೆದು ಪಿಎಂ_ಪೋಸ್ಟ್_ಸಸ್ಪೆಂಡ್‌ನಲ್ಲಿ ಬಿಡಿ. ಪ್ರಿಪೇರ್ ಸೂಚನೆ ಪ್ರೋಸೆಸ್‌ಗಳನ್ನು ಸ್ತಬ್ಧಗೊಳಿಸುವ ಮುನ್ನವೇ ಬರುವುದರಿಂದ ಡಿಸ್ಕ್ ಆಗ ಕೆಲಸ ಮಾಡುತ್ತಿರುತ್ತದೆ. ಡಿಎಂಎ (ಸಾಧನವೇ ನೇರವಾಗಿ ಮೆಮೊರಿಗೆ ಓದು-ಬರಹ ಮಾಡುವುದು) ಬೇಡವಾದರೆ ಕೆವಿಮಾಲಕ್ ಫಂಕ್ಷನ್ ಸಾಕು, ಅದಕ್ಕೆ ತಾಗಿದ ಪುಟಗಳು ಬೇಕಿಲ್ಲ. ಜಿಎಫ್‌ಪಿ_ಅಟಾಮಿಕ್‌ಗೆ (ಕಾಯದೆ ಮೆಮೊರಿ ಕೇಳುವ ಸೂಚನೆ) ಬದಲಿಸಬೇಡಿ: ಅದು ತುರ್ತಿಗಿಟ್ಟ ಮೀಸಲು ಮೆಮೊರಿಯನ್ನು ಕರಗಿಸುತ್ತದೆಯೇ ಹೊರತು ಉದ್ದದ ತುಂಡನ್ನು ಹುಟ್ಟಿಸುವುದಿಲ್ಲ.

ಪಿಎಂ ಡೀಬಗ್ ಆಯ್ಕೆಯಿರುವ ಕರ್ನೆಲ್‌ನಲ್ಲಿ, /ಸಿಸ್/ಪವರ್/ಪಿಎಂ_ಟೆಸ್ಟ್ ಕಡತಕ್ಕೆ ‘ಡಿವೈಸಸ್’ ಎಂದು ಬರೆದು ಸಸ್ಪೆಂಡ್ ಮಾಡಿದರೆ ಪ್ರೋಸೆಸ್‌ಗಳು ಸ್ತಬ್ಧಗೊಂಡು ಸಾಧನಗಳು ಮಲಗಿ ಸುಮಾರು 5 ಸೆಕೆಂಡಿನ ಬಳಿಕ ಏಳುತ್ತವೆ. ಇದನ್ನು ಹತ್ತಾರು ಬಾರಿ ಓಡಿಸಿ; ಆಗಲೂ ಸೋತರೆ ಕ್ಲಾಕ್ ಮತ್ತು ರೆಗ್ಯುಲೇಟರ್ (ವಿದ್ಯುತ್ ಪೂರೈಸುವ ಭಾಗ) ಏಳುವ ಕ್ರಮವನ್ನು ನೋಡಿ.