ಹಡ್ಸನ್ ಕಣಿವೆಯ ಸಂರಕ್ಷಣಾ ಇಂಟರ್ನ್‌ಶಿಪ್: ಹಣ ಕಡಿಮೆಯೆಂದು ಮಗಳನ್ನು ತಡೆಯಬೇಕೇ?

ನಮಸ್ಕಾರ. ನೀವು ಕೇಳಿರುವುದು ಎರಡು ಪ್ರಶ್ನೆಗಳು. ನ್ಯೂಜೆರ್ಸಿಯಲ್ಲೇ ಹುಟ್ಟಿ ಬೆಳೆದು ಪರಿಸರ ವಿಜ್ಞಾನದಲ್ಲಿ ಪದವಿ ಮುಗಿಸಿರುವ ನಿಮ್ಮ ಮಗಳು ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿ ಕಣಿವೆಯಲ್ಲಿ ಹತ್ತು ತಿಂಗಳ ಸಂರಕ್ಷಣಾ ಸೇವೆಯ ಇಂಟರ್ನ್‌ಶಿಪ್‌ಗೆ ಸೇರುತ್ತೇನೆ ಎನ್ನುತ್ತಿದ್ದಾಳೆ. ಕೊಡುವ ಹಣ ಇಷ್ಟೇ ಆದರೆ ಒಂದು ವರ್ಷ ದಂಡವಾಗುವುದಿಲ್ಲವೇ ಎಂಬುದು ಮೊದಲನೆಯದು. ಮೈಸೂರಿನಿಂದ ಎಫ್-1 ವೀಸಾದ ಮೇಲೆ ಎಂ.ಎಸ್. ಓದಲು ಬಂದಿರುವ ನಿಮ್ಮ ತಮ್ಮನ ಮಗನೂ ಅರ್ಜಿ ಹಾಕಬಹುದೇ ಎಂಬುದು ಎರಡನೆಯದು. ಗ್ರೀನ್ ಕಾರ್ಡ್ ಬಂದ ಮೇಲೆ ನಾನು ಇದೇ ಕಣಿವೆಯಲ್ಲಿ ಇಂತಹ ಒಂದು ಅವಧಿಯನ್ನು ಪೂರೈಸಿದವನು, ಈಗ ಇಂಟರ್ನ್‌ಗಳನ್ನು ತೆಗೆದುಕೊಳ್ಳುವ ಒಂದು ಸಣ್ಣ ಸಂಸ್ಥೆಯಲ್ಲಿ ಇರುವವನು. ಆ ಅನುಭವದ ಮೇಲೆ ಉತ್ತರಿಸುತ್ತಿದ್ದೇನೆ.

ಮೊದಲು ಹಣದ ವಿಷಯ. ಇಲ್ಲಿನ ಇಂತಹ ಹುದ್ದೆಗಳಲ್ಲಿ ಬಹುಪಾಲು, 1993ರ ಕಾನೂನಿನಿಂದ ಹುಟ್ಟಿದ ಅಮೆರಿಕಾರ್ಪ್ಸ್ ಎಂಬ ಒಕ್ಕೂಟ ಸರ್ಕಾರದ ಸೇವಾ ಯೋಜನೆಯಡಿ ಬರುತ್ತವೆ. ಇದರಲ್ಲಿ ಸೇರಿದವರನ್ನು ಕಾನೂನು ನೌಕರರೆಂದು ಪರಿಗಣಿಸುವುದಿಲ್ಲ; ಆದ್ದರಿಂದ ಕೊಡುವುದು ಸಂಬಳವಲ್ಲ, ಜೀವನ ಭತ್ಯೆ. ಅದನ್ನು ಗಂಟೆಗೆ ಇಷ್ಟೆಂದು ಭಾಗಿಸಿ ನೋಡಿದರೆ ಯಾರಿಗಾದರೂ ಬೇಸರವಾಗುತ್ತದೆ. ಆದರೆ 1,700 ಗಂಟೆಗಳ ಪೂರ್ಣಾವಧಿಯನ್ನು ಮುಗಿಸಿದವರಿಗೆ ಪೆಲ್ ಗ್ರಾಂಟ್‌ನ (ಕಡಿಮೆ ಆದಾಯದ ವಿದ್ಯಾರ್ಥಿಗಳಿಗೆ ಒಕ್ಕೂಟ ಸರ್ಕಾರ ಕೊಡುವ ನೆರವು) ಗರಿಷ್ಠ ಮೊತ್ತಕ್ಕೆ ಸಮನಾದ ಶಿಕ್ಷಣ ಪುರಸ್ಕಾರ ಬೇರೆಯಾಗಿ ದೊರೆಯುತ್ತದೆ; 2024ರ ಲೆಕ್ಕದಲ್ಲಿ ಅದು 7,395 ಡಾಲರ್. ಈ ಹಣ ಕೈಗೆ ಬರುವುದಿಲ್ಲ. ಏಳು ವರ್ಷಗಳೊಳಗೆ ಕಾಲೇಜಿನ ಶುಲ್ಕಕ್ಕೋ ಶಿಕ್ಷಣ ಸಾಲಕ್ಕೋ ನೇರವಾಗಿ ಸಂದಾಯವಾಗಬೇಕು, ಮತ್ತು ಬಳಸಿದ ವರ್ಷದಲ್ಲಿ ಅದರ ಮೇಲೆ ಆದಾಯ ತೆರಿಗೆ ಬೀಳುತ್ತದೆ. ಸರ್ಕಾರಿ ಶಿಕ್ಷಣ ಸಾಲವಿದ್ದರೆ ಸೇವೆಯ ಅವಧಿಯಲ್ಲಿ ಕಂತು ಕಟ್ಟದಿರಲು ಅವಕಾಶವಿದೆ, ಅವಧಿ ಯಶಸ್ವಿಯಾಗಿ ಮುಗಿದರೆ ಆ ಕಾಲದ ಬಡ್ಡಿಯನ್ನು ಯೋಜನೆಯೇ ತುಂಬುತ್ತದೆ. ಹಾಗಾಗಿ ನಿಮ್ಮ ಮಗಳಿಗೆ ಸಾಲವಿದ್ದರೆ ಅಥವಾ ಮುಂದೆ ಓದುವ ಮನಸ್ಸಿದ್ದರೆ ಈ ಹುದ್ದೆ ನೀವು ಅಂದುಕೊಂಡಷ್ಟು ನಷ್ಟದ್ದಲ್ಲ. ಸಾಲವೂ ಇಲ್ಲ, ಓದುವ ಇಚ್ಛೆಯೂ ಇಲ್ಲ ಎಂದಾದರೆ ಈ ಪುರಸ್ಕಾರ ಅವಳ ಪಾಲಿಗೆ ಹೆಚ್ಚುಕಡಿಮೆ ಕಾಗದದ ಮೇಲಿನ ಅಂಕಿಯೇ.

ಭತ್ಯೆಗಿಂತಲೂ ಮುಖ್ಯವಾದದ್ದು ವಸತಿ. ಕೊರೊನಾ ಕಾಲದಲ್ಲಿ ನಗರ ಬಿಟ್ಟು ಬಂದವರಿಂದ ಬೀಕನ್, ಕಿಂಗ್ಸ್‌ಟನ್ ಮುಂತಾದ ಊರುಗಳ ಬಾಡಿಗೆ ವಿಪರೀತ ಏರಿದೆ. ಮನೆ ಬಾಡಿಗೆ ಕೊಟ್ಟು ಈ ಭತ್ಯೆಯಲ್ಲಿ ಬದುಕುವುದು ಕಷ್ಟ ಎಂದು ನೇರವಾಗಿಯೇ ಹೇಳುತ್ತೇನೆ. ಇಂಟರ್ನ್‌ಗಳಿಗೆ ವಸತಿ ಕೊಡುತ್ತಾರೆಯೇ ಎಂದು ಕೇಳದೆ ಒಪ್ಪಿಕೊಳ್ಳಬೇಡಿ. ಕಾರು ಬೇಕೇ ಎಂಬುದನ್ನೂ ವಿಚಾರಿಸಿ: ಮೆಟ್ರೋ-ನಾರ್ತ್ ರೈಲು ಪೂರ್ವ ದಡದಲ್ಲಿ ಪಕೀಪ್ಸಿಯವರೆಗೆ ಹೋಗುತ್ತದೆ, ಪಶ್ಚಿಮ ದಡದ ಊರುಗಳಿಗೆ ಆ ಅನುಕೂಲವಿಲ್ಲ.

ಇನ್ನು ಕೆಲಸ. "ಸೊಪ್ಪು ಕೀಳುವುದಕ್ಕೆ ಡಿಗ್ರಿ ಬೇಕಿತ್ತೇ" ಎಂದು ನೀವು ಬರೆದಿದ್ದೀರಿ. ಸೊಪ್ಪು ಕೀಳುವುದು ನಿಜ. ವಾಟರ್ ಚೆಸ್ಟ್‌ನಟ್ ಎಂಬ ಜಲಸಸ್ಯ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಕೋಷಿಯಾ ಎಂಬ ಊರಿನ ಕೆರೆಗೆ ಬಂದು, ಅಲ್ಲಿಂದ ಮೊಹಾಕ್ ನದಿಗೂ ಹಡ್ಸನ್‌ಗೂ ಹರಡಿತು. (ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಸಿಂಘಾರ ಹಿಟ್ಟು ಇದೇ ಕುಲದ ಗಿಡದ ಕಾಯಿಯದು, ಅಲ್ಲಿ ಬೇಸಾಯ, ಇಲ್ಲಿ ಪೀಡೆ.) ಎಲೆಗಳು ನೀರಿನ ಮೇಲೆ ಒತ್ತಾಗಿ ಹಾಸಿಕೊಂಡರೆ ಕೆಳಗೆ ಬೆಳಕು ಹೋಗುವುದಿಲ್ಲ, ನೀರಿನಲ್ಲಿ ಆಮ್ಲಜನಕ ಕುಸಿಯುತ್ತದೆ. ಇದು ವಾರ್ಷಿಕ ಸಸ್ಯವಾದ್ದರಿಂದ ಕಾಯಿ ಬಲಿತು ಉದುರುವ ಮೊದಲೇ, ಬೇಸಗೆಯಲ್ಲಿ, ದೋಣಿಯಿಂದ ಬಾಗಿ ಕಾಂಡಸಮೇತ ಎಳೆಯಬೇಕು. ಉದುರಿದ ಕಾಯಿ ಕೆಸರಿನಲ್ಲಿ ಹತ್ತು ವರ್ಷದ ಮೇಲೂ ಮೊಳೆಯಬಲ್ಲದು. ಆ ಕಾಯಿಗೆ ನಾಲ್ಕು ಮುಳ್ಳುಗಳಿದ್ದು, ತೆಳು ಅಟ್ಟೆಯ ಚಪ್ಪಲಿಯನ್ನೂ ತೂರಿಕೊಂಡು ಪಾದಕ್ಕೆ ನಾಟುತ್ತವೆ. ಎಲ್ಲಿ ಕಿತ್ತರು, ಎಷ್ಟು ಕಿತ್ತರು, ಮುಂದಿನ ವರ್ಷ ಎಷ್ಟು ಮರಳಿತು ಎಂಬುದನ್ನು ನಕ್ಷೆಯ ಮೇಲೆ ದಾಖಲಿಸಿ ವರದಿ ಮಾಡುವವರೂ ಇಂಟರ್ನ್‌ಗಳೇ. ಡಿಗ್ರಿ ಬೇಕಾಗುವುದು ಅಲ್ಲಿ.

ವಸಂತದ ಕೆಲಸ ಇದಕ್ಕಿಂತ ಸೊಗಸು. ರಾಜ್ಯದ ಪರಿಸರ ಇಲಾಖೆ 2008ರಿಂದ ಹಾವುಮೀನುಗಳ ಎಣಿಕೆಯನ್ನು ನಡೆಸುತ್ತಿದೆ. ಅಟ್ಲಾಂಟಿಕ್‌ನ ಸಾರ್ಗಾಸೊ ಸಮುದ್ರದಲ್ಲಿ ಹುಟ್ಟಿದ ಮರಿಗಳು ಸುಮಾರು ಎರಡು ಅಂಗುಲ ಉದ್ದಕ್ಕೆ ಬೆಳೆದು, ಹಡ್ಸನ್‌ನ ಉಪನದಿಗಳನ್ನು ಹುಡುಕಿಕೊಂಡು ಬರುತ್ತವೆ. ಗಾಜಿನಷ್ಟು ಪಾರದರ್ಶಕವಾದ ಅವುಗಳನ್ನು ಬಿಳಿಯ ತಟ್ಟೆಗೆ ಸುರಿದಾಗ ಮೊದಲು ಕಾಣುವುದು ಕಣ್ಣಿನ ಎರಡು ಕಪ್ಪು ಚುಕ್ಕೆಗಳು, ಆಮೇಲೆ ಬೆನ್ನೆಲುಬಿನ ಗೆರೆ. ಈ ನದಿ ಮ್ಯಾನ್‌ಹಟನ್‌ನ ತುದಿಯಿಂದ ಟ್ರಾಯ್‌ನ ಅಣೆಕಟ್ಟಿನವರೆಗೆ, ಸುಮಾರು 246 ಕಿಲೋಮೀಟರ್ ಉದ್ದಕ್ಕೂ, ಸಮುದ್ರದ ಉಬ್ಬರವಿಳಿತಕ್ಕೆ ಒಳಪಟ್ಟಿರುವುದರಿಂದ ಬಲೆ ನೋಡಲು ಹೋಗುವ ಹೊತ್ತನ್ನು ಇಳಿತವೇ ನಿರ್ಧರಿಸುತ್ತದೆ. ಎದೆಮಟ್ಟದ ರಬ್ಬರ್ ಉಡುಪು ಹಾಕಿಕೊಂಡು ಕೊರೆಯುವ ನೀರಿಗಿಳಿದು, ಬಂದ ಶಾಲಾ ಮಕ್ಕಳಿಗೆ ವಿವರಿಸುತ್ತಾ, ಎಣಿಸಿ, ಮರಿಗಳನ್ನು ಅಡ್ಡಗಟ್ಟೆಯ ಮೇಲ್ಭಾಗಕ್ಕೆ ಬಿಡಬೇಕು. ಮಕ್ಕಳನ್ನೂ ಸ್ವಯಂಸೇವಕರನ್ನೂ ಚಳಿಯಲ್ಲಿ ಸಂಭಾಳಿಸಿ ಲೆಕ್ಕ ತಪ್ಪದಂತೆ ನೋಡಿಕೊಂಡವರನ್ನು ಸಂದರ್ಶನದಲ್ಲಿ ನಾನು ಎರಡೇ ನಿಮಿಷದಲ್ಲಿ ಗುರುತಿಸುತ್ತೇನೆ. ಈ ಕ್ಷೇತ್ರದಲ್ಲಿ ಮೊದಲ ಕೆಲಸ ಸಿಗುವುದು ಅಂಕಪಟ್ಟಿಗಿಂತ ಹೆಚ್ಚಾಗಿ ಇಂತಹ ಅನುಭವದಿಂದ.

ಇದು ನಿನ್ನೆ ಮೊನ್ನೆ ಹುಟ್ಟಿದ ವ್ಯವಸ್ಥೆಯೂ ಅಲ್ಲ. ಆರ್ಥಿಕ ಕುಸಿತದ ಕಾಲದಲ್ಲಿ, 1933ರಿಂದ 1942ರವರೆಗೆ, ಸುಮಾರು 30 ಲಕ್ಷ ಯುವಕರನ್ನು ತಿಂಗಳಿಗೆ 30 ಡಾಲರ್‌ಗೆ ಕಾಡು, ಉದ್ಯಾನಗಳ ಕೆಲಸಕ್ಕೆ ಹಚ್ಚಿದ ಅಧ್ಯಕ್ಷ ರೂಸ್‌ವೆಲ್ಟ್ ಇದೇ ಕಣಿವೆಯ ಹೈಡ್ ಪಾರ್ಕ್‌ನವರು. ಅದೇ ಮಾದರಿಯಲ್ಲಿ ವಿದ್ಯಾರ್ಥಿಗಳ ಪಡೆಯೊಂದು ಬೇಕೆಂದು 1955ರಲ್ಲಿ ಪ್ರಬಂಧ ಬರೆದ ಎಲಿಜಬೆತ್ ಪಟ್ನಂ ಓದಿದ್ದು ಅಲ್ಲಿಂದ ಕೆಲವೇ ಮೈಲು ದೂರದ ಪಕೀಪ್ಸಿಯ ವಸ್ಸಾರ್ ಕಾಲೇಜಿನಲ್ಲಿ. ಅವರು ಕಟ್ಟಿದ ಸ್ಟೂಡೆಂಟ್ ಕನ್ಸರ್ವೇಷನ್ ಅಸೋಸಿಯೇಷನ್ ಈ ಕಣಿವೆಯಲ್ಲಿ ಅಮೆರಿಕಾರ್ಪ್ಸ್ ತಂಡವನ್ನು ನಡೆಸುತ್ತಾ ಬಂದಿದೆ.

ಆದರೆ ಒಂದು ಎಚ್ಚರಿಕೆ. 2025ರ ಏಪ್ರಿಲ್‌ನಲ್ಲಿ ಸರ್ಕಾರ ಅಮೆರಿಕಾರ್ಪ್ಸ್‌ನ ಸುಮಾರು 40 ಕೋಟಿ ಡಾಲರ್ ಅನುದಾನವನ್ನು ಏಕಾಏಕಿ ರದ್ದುಪಡಿಸಿದಾಗ ದೇಶದ ಹಲವೆಡೆ ಸೇವೆಯಲ್ಲಿದ್ದವರು ಅರ್ಧದಲ್ಲೇ ಮನೆಗೆ ಹೋಗಬೇಕಾಯಿತು. ನ್ಯೂಯಾರ್ಕ್ ಸೇರಿದಂತೆ ಹಲವು ರಾಜ್ಯಗಳು ನ್ಯಾಯಾಲಯಕ್ಕೆ ಹೋದವು. ಹಾಗಾಗಿ ಮಗಳು ಸಂದರ್ಶನದಲ್ಲಿ ಈ ಹುದ್ದೆಗೆ ಹಣ ಎಲ್ಲಿಂದ ಬರುತ್ತದೆ, ನಡುವೆ ನಿಂತರೆ ಏನು ಮಾಡುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಲಿ. ಈ ಪ್ರಶ್ನೆಗೆ ಸಿಡುಕುವ ಸಂಸ್ಥೆಗೆ ಹೋಗದಿರುವುದೇ ಲೇಸು. ಉಣುಗಿನ ಬಗ್ಗೆಯೂ ಹೇಳಬೇಕು: ಮಂಗನ ಕಾಯಿಲೆಯ ಭಯ ಗೊತ್ತಿರುವ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಇಲ್ಲಿ ಉಣುಗಿನಿಂದ ಹರಡುವುದು ಲೈಮ್ ರೋಗ. ದಿನವೂ ಮೈ ಪರೀಕ್ಷಿಸಿಕೊಳ್ಳುವ ಅಭ್ಯಾಸವಿರಲಿ.

ನಿಮ್ಮ ತಮ್ಮನ ಮಗನ ವಿಷಯದಲ್ಲಿ ಉತ್ತರ ಚಿಕ್ಕದು. ಅಮೆರಿಕಾರ್ಪ್ಸ್ ಹುದ್ದೆಗಳು ಈ ದೇಶದ ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಮಾತ್ರ. ಎಫ್-1 ವೀಸಾದವರಿಗೆ ಅವಕಾಶವಿಲ್ಲ. ಬೆರಳಚ್ಚು ಸಹಿತ ಹಿನ್ನೆಲೆ ಪರಿಶೀಲನೆ ಕಡ್ಡಾಯವಾದ್ದರಿಂದ ಕಣ್ತಪ್ಪಿ ಒಳಗೆ ಸೇರುವ ಮಾತೂ ಇಲ್ಲ. ನದಿಯ ಕೆಲಸದಲ್ಲಿ ನಿಜವಾದ ಆಸಕ್ತಿಯಿದ್ದರೆ ಹಾವುಮೀನಿನ ಎಣಿಕೆಗೆ ಪ್ರತಿ ವಸಂತದಲ್ಲೂ ಸ್ವಯಂಸೇವಕರನ್ನು ಕರೆಯುತ್ತಾರೆ, ಅದಕ್ಕೆ ಹಣವಿಲ್ಲ. ಹೋಗುವ ಮೊದಲು ತನ್ನ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಲಿ.